ದಿನದ ಬಾಡಿಗೆಗೆ ಒಂದು ಆಟೊ: ಗೆಳೆಯನಿಗೆ ಕಲಬುರಗಿ ತೋರಿಸಿದ ಲೆಕ್ಕ

ಬೆಂಗಳೂರಿನಲ್ಲಿ ಒಂದು ವರ್ಷ ನನ್ನೊಂದಿಗೆ ಒಂದೇ ಕೋಣೆಯಲ್ಲಿದ್ದ ಉಡುಪಿಯ ಗೆಳೆಯ, ಎಳ್ಳ ಅಮಾವಾಸ್ಯೆಯ ಹೊತ್ತಿಗೆ ರಜೆ ಹಾಕಿ ಮೂರು ದಿನಕ್ಕೆ ಕಲಬುರಗಿಗೆ ಬರುತ್ತೇನೆಂದು ತಿಳಿಸಿದಾಗ, ಊರು ತೋರಿಸುವುದು ನನಗೆ ಕಷ್ಟದ ಕೆಲಸವೆಂದು ಅನ್ನಿಸಿರಲಿಲ್ಲ. ಗುಲ್ಬರ್ಗಾ ವಿಶ್ವವಿದ್ಯಾಲಯದ ಹಾಸ್ಟೆಲಿನಲ್ಲಿ ನಾಲ್ಕನೆಯ ವರ್ಷ ಕಳೆಯುತ್ತಿರುವ ನಾನು ಈ ಊರಿನವನೇ ಎಂಬ ಭ್ರಮೆಯಲ್ಲಿದ್ದೆ. ಹಾಳೆಯೊಂದನ್ನು ತೆಗೆದುಕೊಂಡು ತೋರಿಸಬೇಕಾದ ಜಾಗಗಳನ್ನು ಬರೆಯತೊಡಗಿದಾಗ ತಿಳಿದದ್ದೇನೆಂದರೆ, ಗ್ರಂಥಾಲಯ, ಸೂಪರ್ ಮಾರ್ಕೆಟ್, ರೈಲು ನಿಲ್ದಾಣ ಮತ್ತು ಎರಡು ಖಾನಾವಳಿಗಳನ್ನು ಬಿಟ್ಟರೆ ಉಳಿದ ಕಲಬುರಗಿಯನ್ನು ನಾನು ಬಸ್ಸಿನ ಕಿಟಕಿಯಿಂದ ಮಾತ್ರ ನೋಡಿದ್ದೆ. ಇಡೀ ದಿನಕ್ಕೆ ಒಂದು ಆಟೊ ಗೊತ್ತುಮಾಡಿಕೊಳ್ಳುವ ಯೋಚನೆ ಹುಟ್ಟಿದ್ದು ಈ ನಾಚಿಕೆಯಿಂದ. ಆ ಸೇವೆಗೆ ಕೊಟ್ಟ ಹಣಕ್ಕೆ ಏನು ದೊರೆಯಿತು, ಎಲ್ಲಿ ಕೊರತೆಯಾಯಿತು ಎಂಬುದನ್ನು, ಇದೇ ಬಗೆಯ ನೆಂಟರೋ ಗೆಳೆಯರೋ ಬರುವವರಿದ್ದರೆ ಅನುಕೂಲವಾಗಲೆಂದು ಇಲ್ಲಿ ಬರೆದಿದ್ದೇನೆ.

ಬೇರೆ ದಾರಿಗಳನ್ನು ಯೋಚಿಸದೆ ಆಟೊ ಹಿಡಿದೆವೆಂದಲ್ಲ. ಕಲ್ಯಾಣ ಕರ್ನಾಟಕ ರಸ್ತೆ ಸಾರಿಗೆ ನಿಗಮದ ನಗರ ಬಸ್ಸುಗಳು ವಿಶ್ವವಿದ್ಯಾಲಯದ ಕಡೆಗೆ ಬಂದುಹೋಗುತ್ತವೆ, ಟಿಕೆಟು ಅಗ್ಗ. ಆದರೆ ಒಂದು ನೋಡುವ ಜಾಗದಿಂದ ಮತ್ತೊಂದಕ್ಕೆ ಹೋಗಬೇಕಾದಾಗ ಹೆಚ್ಚಿನ ಸಲ ಮತ್ತೆ ಸೂಪರ್ ಮಾರ್ಕೆಟಿಗೆ ಬಂದೇ ಬಸ್ಸು ಬದಲಿಸಬೇಕಾಗುತ್ತದೆ, ಹಾಗಾಗಿ ದಿನದ ಅರ್ಧ ಭಾಗ ನಿಲ್ದಾಣದ ನೆರಳಿನಲ್ಲೇ ಕಳೆಯುತ್ತದೆ. ಹಲವರು ಹಂಚಿಕೊಂಡು ಹೋಗುವ ಆಟೊಗಳಾದ ಟಂಟಂಗಳು ತುಂಬುವವರೆಗೆ ಹೊರಡುವುದಿಲ್ಲ, ತುಂಬಿದ ಮೇಲೂ ಇನ್ನಿಬ್ಬರಿಗೆ ಕಾಯುತ್ತವೆ. ಆ್ಯಪಿನ ಮೂಲಕ ಆಟೊ ತರಿಸುವ ಸೇವೆಯೊಂದನ್ನು ಹಿಂದಿನ ಸಂಜೆಯೇ ಪರೀಕ್ಷಿಸಿ ನೋಡಿದೆ. ಮೊದಲನೆಯ ಚಾಲಕರು ಎಲ್ಲಿಗೆಂದು ಕೇಳಿ, ವಿಶ್ವವಿದ್ಯಾಲಯ ಎಂದ ಕೂಡಲೇ ಸುಮ್ಮನೆ ರದ್ದು ಮಾಡಿದರು. ಎರಡನೆಯವರು ಪರದೆಯ ಮೇಲೆ ಇಪ್ಪತ್ತು ನಿಮಿಷ ನಿಂತಲ್ಲೇ ನಿಂತಿದ್ದು, ಕೊನೆಗೆ ನಾನೇ ರದ್ದು ಮಾಡುವಂತೆ ಮಾಡಿದರು. ಆ ಸೇವೆಯ ಹೆಸರನ್ನು ಹೇಳಿ ಪ್ರಯೋಜನವಿಲ್ಲ.

ಕೊನೆಗೆ ಒದಗಿಬಂದವರು ರೈಲು ನಿಲ್ದಾಣದ ಎದುರಿನ ಸಾಲಿನಲ್ಲಿ ನಿಲ್ಲುವ, ಐವತ್ತೈದರ ಆಸುಪಾಸಿನ ಒಬ್ಬ ಚಾಲಕರು. ನಾನು ಅವರನ್ನು ಕಾಕಾ ಎಂದೇ ಕರೆದದ್ದರಿಂದ ಇಲ್ಲಿಯೂ ಹಾಗೆಯೇ ಬರೆಯುತ್ತೇನೆ. ಬೆಳಗ್ಗೆ ಆರೂವರೆಗೆ ಹಾಸ್ಟೆಲಿನಿಂದ ಹೊರಟು ಸಂಜೆ ಏಳಕ್ಕೆ ಅಲ್ಲಿಗೇ ಮರಳಿ ಬಿಡುವುದಕ್ಕೆ ಅವರು 1,500 ರೂಪಾಯಿ ಹೇಳಿದರು, ನಾನು 1,200 ಎಂದೆ, 1,300ಕ್ಕೆ ಮುಗಿಯಿತು. ಕಾಯುವುದಕ್ಕೆ ಬೇರೆ ಹಣವಿಲ್ಲ ಎಂಬುದನ್ನು ಎರಡು ಸಲ ಹೇಳಿಸಿಕೊಂಡೆ. ನಾನು ಬರೆದಿದ್ದ ಹಾಳೆಯನ್ನು ಅವರು ಕೈಗೆ ತೆಗೆದುಕೊಂಡು ದೂರ ಹಿಡಿದು ಓದಿ, "ಇದು ಹಿಂಗಲ್ರಿ ತಮ್ಮಾ, ಇದರ ತಲಿ ಕೆಳಗ ಮಾಡ್ರಿ" ಎಂದರು. ನಾನು ಹತ್ತಿರವಿದ್ದುದನ್ನು ಮೊದಲು, ದೂರವಿದ್ದುದನ್ನು ಆಮೇಲೆ ಎಂದು ಬರೆದಿದ್ದೆ. ಅಂದರೆ ನಮ್ಮ ವಿಶ್ವವಿದ್ಯಾಲಯದ ಬದಿಯಲ್ಲೇ ಇರುವ ಬುದ್ಧ ವಿಹಾರದಿಂದ ಆರಂಭಿಸಿ ಕೋಟೆಯಲ್ಲಿ ಮುಗಿಸುವುದು ನನ್ನ ಯೋಜನೆಯಾಗಿತ್ತು. ಅವರು ಕೋಟೆಯಿಂದ ಆರಂಭಿಸಿ ವಿಹಾರದಲ್ಲಿ ಮುಗಿಸಬೇಕೆಂದರು. ಕಾರಣ ಕೇಳಿದರೆ, "ಮುಂಜಾನಿ ಮಸೀದ್ಯಾಗ ಬಿಸಲು ಒಳಗ ಬರ್ತದ, ಸಂಜಿಗಿ ವಿಹಾರದಾಗ ಕಾಲು ಸುಡಂಗಿಲ್ಲ" ಎಂದಷ್ಟೇ ಉತ್ತರ.

ಈ ಒಂದು ಮಾತಿಗೆ ನಾನು ಕೊಟ್ಟ ಹಣದ ಅರ್ಧ ಸಲ್ಲುತ್ತದೆ ಎಂಬುದು ನನ್ನ ಅಭಿಪ್ರಾಯ. ಅಲಾವುದ್ದೀನ್ ಹಸನ್ 1347ರಲ್ಲಿ ಬಹಮನಿ ರಾಜ್ಯವನ್ನು ಕಟ್ಟಿ ಈ ಊರನ್ನು ರಾಜಧಾನಿ ಮಾಡಿಕೊಂಡದ್ದು, ಕೋಟೆಯೊಳಗಿನ ಜಾಮಿ ಮಸೀದಿ 1367ರದ್ದೆಂಬುದು, ಅದನ್ನು ಕಟ್ಟಿದವನು ಪರ್ಷಿಯಾದ ಕಜ್ವೀನ್ ಮೂಲದ ರಫಿ ಎಂಬುದು, ಇವೆಲ್ಲವನ್ನೂ ನಾನು ಹಿಂದಿನ ರಾತ್ರಿ ಓದಿಕೊಂಡಿದ್ದೆ, ಗೆಳೆಯನಿಗೆ ಗಂಭೀರ ದನಿಯಲ್ಲಿ ಹೇಳಿಯೂ ಬಿಟ್ಟೆ. ನಮ್ಮಲ್ಲಿನ ದೊಡ್ಡ ಮಸೀದಿಗಳಲ್ಲಿ ಸಾಮಾನ್ಯವಾಗಿ ಇರುವ ತೆರೆದ ಅಂಗಳ ಇದಕ್ಕಿಲ್ಲ, ಇಡೀ ಕಟ್ಟಡಕ್ಕೆ ಮೇಲ್ಚಾವಣಿ ಇದೆ ಎಂಬುದೂ ಪುಸ್ತಕದಲ್ಲಿತ್ತು. ಆದರೆ ಪಶ್ಚಿಮದ ಗೋಡೆಯೊಂದನ್ನು ಬಿಟ್ಟು ಉಳಿದ ಬದಿಗಳು ಕಮಾನುಗಳಿಂದ ತೆರೆದುಕೊಂಡಿರುವುದರಿಂದ ಬೆಳಗಿನ ಎಳೆಬಿಸಿಲು ಪೂರ್ವದಿಂದ ನೇರವಾಗಿ ಒಳಗೆ ಹರಿದು, ಒಂದರ ಹಿಂದೆ ಒಂದು ಕಮಾನಿನ ನೆರಳನ್ನು ನೆಲದ ಮೇಲೆ ಎಳೆಯುತ್ತದೆ ಎಂಬುದು ಎಂಟು ಗಂಟೆಯೊಳಗೆ ಅಲ್ಲಿ ನಿಂತವನಿಗೆ ಮಾತ್ರ ತಿಳಿಯುವ ಸಂಗತಿ. ಆ ಕಮಾನುಗಳ ವಿಚಿತ್ರವೆಂದರೆ ಅವುಗಳ ಕಾಲುಗಳು ತೀರ ಗಿಡ್ಡ, ಹರವು ತೀರ ಅಗಲ. ನೆಲದಿಂದ ಸೊಂಟದೆತ್ತರಕ್ಕೆ ಬರುವಷ್ಟರಲ್ಲೇ ಕಮಾನು ಬಾಗತೊಡಗಿದಂತೆ ಕಾಣುತ್ತದೆ. ಹೀಗಾಗಿ ಒಳಗೆ ನಡೆಯುವವನಿಗೆ ಕಟ್ಟಡ ಎತ್ತರವಾಗಿದೆ ಎನ್ನುವುದಕ್ಕಿಂತ ದೂರದವರೆಗೆ ಹಾಸಿಕೊಂಡಿದೆ ಎನ್ನಿಸುತ್ತದೆ. ನಡುವೆ, ಪ್ರಾರ್ಥನೆಯ ದಿಕ್ಕು ತೋರಿಸುವ ಗೂಡಾದ ಮಿಹ್ರಾಬಿನ ಮುಂದೆ ದೊಡ್ಡ ಗುಮ್ಮಟ, ನಾಲ್ಕು ಮೂಲೆಗೆ ನಾಲ್ಕು ಗುಮ್ಮಟ, ಉಳಿದೆಡೆ ಸಾಲುಸಾಲಾಗಿ ಸಣ್ಣವು. ಗೆಳೆಯ ಎಣಿಸಲು ಹೊರಟು ಎರಡು ಸಲ ತಪ್ಪಿ ಬಿಟ್ಟುಬಿಟ್ಟ. ಒಂಬತ್ತು ಗಂಟೆಯ ಹೊತ್ತಿಗೆ ನೆರಳುಗಳು ಮೊಂಡಾಗಿ, ಒಳಗೆ ಎಲ್ಲೆಡೆ ಒಂದೇ ಬಗೆಯ ಬೂದು ಬೆಳಕು ಉಳಿಯಿತು. ನನ್ನ ಹಾಳೆಯ ಪ್ರಕಾರ ನಾವು ಅಲ್ಲಿಗೆ ಬರಬೇಕಾಗಿದ್ದದ್ದು ಸಂಜೆ ಐದಕ್ಕೆ.

ಕೋಟೆಯೊಳಗಿನ ಬಾರಾ ಗಜಿ ತೋಪು ಎಂಬ ಫಿರಂಗಿ 29 ಅಡಿ ಉದ್ದವೆಂದು ಹೇಳುತ್ತಾರೆ. ಬಾರಾ ಗಜ ಎಂದರೆ ಹನ್ನೆರಡು ಗಜ, ಹನ್ನೆರಡು ಗಜವೆಂದರೆ ಮೂವತ್ತಾರು ಅಡಿಯಾಗಬೇಕಲ್ಲವೇ ಎಂದು ಲೆಕ್ಕಪತ್ರ ವಿಭಾಗದಲ್ಲಿ ಕೆಲಸ ಮಾಡುವ ಗೆಳೆಯ ಕೇಳಿದ. ಕಾಕಾ ಅವರ ಉತ್ತರ: "ಆಗಿನ ಗಜ ಸಣ್ಣದಿತ್ತೇನೋ, ಈಗಿನ ಲೀಟರಿನ ಹಂಗ." ಕಲಬುರಗಿಯ ಮಾತಿನ ಧಾಟಿ ಉಡುಪಿಯವನಿಗೆ ಹಿಡಿತಕ್ಕೆ ಸಿಗುವವರೆಗೆ ಇಂತಹ ಮಾತುಗಳನ್ನು ನಾನೇ ಬಿಡಿಸಿ ಹೇಳಬೇಕಾಗಿತ್ತು. "ಇಕಡಿ ಬರ್ರಿ", "ಅಕಡಿ ನಿಂದರ್ರಿ" ಎಂದಾಗ ಅವನು ಎರಡೂ ಕಡೆ ತಿರುಗಿ ನೋಡುತ್ತಿದ್ದ. ಮಧ್ಯಾಹ್ನದ ಹೊತ್ತಿಗೆ ಅವನೇ "ಕಾಕಾ, ನಿಂದ್ರೋಣ್ವಾ?" ಎಂದು ಎರಡು ಸೀಮೆಗಳನ್ನು ಬೆರೆಸಿ ಕೇಳತೊಡಗಿದ.

ಕೋಟೆಗೆ ಹೋಗುವ ಮೊದಲು ತಹರಿ ತಿಂದಿದ್ದೆವು. ಅದನ್ನೂ ಸೇವೆಯ ಭಾಗವೆಂದೇ ಎಣಿಸುತ್ತೇನೆ, ಏಕೆಂದರೆ ಆ ಜಾಗವನ್ನು ಹೇಳಿದವರು ಕಾಕಾ. ಮಾಂಸ ಸೇರಿಸಿ ಅರಿಸಿನದ ಬಣ್ಣ ಬರುವಂತೆ ಬೇಯಿಸಿದ ಈ ಅನ್ನವನ್ನು ಕಲಬುರಗಿಯಲ್ಲಿ ಬೆಳಗಿನ ತಿಂಡಿಯಾಗಿ ತಿನ್ನುವವರು ಬಹಳ ಮಂದಿ. ತಡವಾಗಿ ಎದ್ದವರಿಗೆ ಹಂಡೆಯ ತಳ ಕೆರೆಯುವ ಸದ್ದು ಮಾತ್ರ ಕೇಳಿಸುತ್ತದೆ. ಬೆಳಗ್ಗೆ ಏಳಕ್ಕೆ ಮಾಂಸದನ್ನವೇ ಎಂದು ಗೆಳೆಯ ಹಿಂದೆ ಮುಂದೆ ನೋಡಿದನಾದರೂ, ತಟ್ಟೆ ಖಾಲಿಯಾದ ಮೇಲೆ ಇನ್ನರ್ಧ ಹೇಳಿದ್ದೂ ಅವನೇ. ಕಾಕಾ ಸ್ವತಃ ತಿನ್ನಲಿಲ್ಲ. ಅವರು ಆಟೊದ ಬಳಿ ನಿಂತು ಚಹಾ ಕುಡಿದು, ಜೇಬಿನಿಂದ ಸಣ್ಣ ಡೈರಿಯೊಂದನ್ನು ತೆಗೆದು ಕಿಲೋಮೀಟರಿನ ಅಂಕಿಯನ್ನು ಬರೆದುಕೊಂಡರು. ಆ ಡೈರಿಯಲ್ಲಿ ಪ್ರತಿ ಪುಟಕ್ಕೂ ಎರಡೇ ಸಾಲು: ಹೊರಟಾಗಿನ ಅಂಕಿ, ಮರಳಿದಾಗಿನ ಅಂಕಿ. ಹಣದ ಲೆಕ್ಕವನ್ನು ಬರೆಯುವುದಿಲ್ಲವೇ ಎಂದು ಕೇಳಿದ್ದಕ್ಕೆ, "ರೊಕ್ಕ ಮನ್ಯಾಕಿ ಬರೀತಾಳ" ಎಂದರು.

ಇನ್ನು ವಾಹನದ ವಿಷಯ. ಹಿಂದಿನ ಸೀಟಿನ ಬಲಬದಿಯ ಸ್ಪ್ರಿಂಗು ಎದ್ದಿತ್ತು, ಅದರ ಮೇಲೆ ಮಡಿಸಿದ ಗೋಣಿಚೀಲ ಹಾಕಿದ್ದರು. ದಿನವಿಡೀ ನಾನು ಮತ್ತು ಗೆಳೆಯ ಸರದಿಯಂತೆ ಆ ಬದಿಯಲ್ಲಿ ಕುಳಿತೆವು. ಬದಿಗೆ ಪರದೆ ಇರಲಿಲ್ಲವಾದ್ದರಿಂದ ರಸ್ತೆಯ ಧೂಳು ನೇರವಾಗಿ ಕಣ್ಣಿಗೆ ಬರುತ್ತಿತ್ತು. ಡಿಸೆಂಬರಿನಲ್ಲಿ ಇದು ಧೂಳು ಮಾತ್ರ, ಬಿಸಿಗಾಳಿ ಸೇರುವ ಏಪ್ರಿಲ್-ಮೇ ತಿಂಗಳಲ್ಲಿ ಇದೇ ಆಟೊದಲ್ಲಿ ಹನ್ನೆರಡು ಗಂಟೆ ಕಳೆಯುವಂತೆ ನಾನು ಯಾರಿಗೂ ಹೇಳಲಾರೆ. ಚಲಿಸುತ್ತಿರುವಾಗಲೇ ಫೋನಿನಲ್ಲಿ ಮಾತನಾಡುವ ಅಭ್ಯಾಸವನ್ನು ಎರಡು ಸಲ ಹೇಳಿದ ಮೇಲೆ ಬಿಟ್ಟರು. ಇವು ಸಣ್ಣ ದೂರುಗಳಲ್ಲ, ಆದರೆ ಸೇವೆಯನ್ನು ಬೇಡವೆನ್ನುವಷ್ಟು ದೊಡ್ಡವೂ ಅಲ್ಲ.

ಕೋಟೆಯಿಂದ ಹೊರಟಾಗ ನಾನು ಹಾಳೆಯಲ್ಲಿಲ್ಲದ ಚೋರ್ ಗುಮ್ಮಟವನ್ನು ಸೇರಿಸಿದೆ. ಊರಿನ ಪಶ್ಚಿಮದ ದಿಬ್ಬದ ಮೇಲೆ ಒಂಟಿಯಾಗಿ ನಿಂತಿರುವ ಆ ಕಟ್ಟಡದ ಸುತ್ತ ನಿಂತರೆ ಊರು ಎಷ್ಟು ಚಪ್ಪಟೆಯಾಗಿದೆ ಎಂಬುದು ತಿಳಿಯುತ್ತದೆ ಎಂದು ಸಹಪಾಠಿಯೊಬ್ಬ ಹೇಳಿದ್ದ. ಅವನು ಹೇಳಿದ್ದು ನಿಜ. ಆದರೆ ಅದನ್ನು ಸೇರಿಸಿದ್ದಕ್ಕೆ ಹೆಚ್ಚು ಹಣವೇನಾದರೂ ಆಗುತ್ತದೆಯೇ ಎಂದು ಆಗಲೇ ಕೇಳಬೇಕಾಗಿತ್ತು, ಕೇಳಲಿಲ್ಲ. ಸಂಜೆ ಅದಕ್ಕೆ 200 ರೂಪಾಯಿ ಕೇಳಿದರು, 150 ಕೊಟ್ಟೆ. ತಪ್ಪು ಇಬ್ಬರದ್ದೂ ಇತ್ತು.

ಶರಣಬಸವೇಶ್ವರ ದೇವಸ್ಥಾನ ಮತ್ತು ಪಕ್ಕದ ಅಪ್ಪನ ಕೆರೆಯ ಬಗ್ಗೆ ಹೆಚ್ಚು ಬರೆಯುವುದಿಲ್ಲ. ಕಲಬುರಗಿಗೆ ಬಂದವರನ್ನು ಅಲ್ಲಿಗೆ ಕರೆದೊಯ್ಯದವರಿಲ್ಲ. ನಾವು ಹೋದಾಗ ಹಬ್ಬದ ಮುನ್ನಾದಿನದ ಜನಸಂದಣಿ ಇದ್ದುದರಿಂದ ಬೇಗ ದರ್ಶನ ಮುಗಿಸಿ ಹೊರಬಂದೆವು. ದಾಸೋಹದಲ್ಲಿ ಪ್ರಸಾದ ತೆಗೆದುಕೊಂಡು ಹೋಗಿ ಎಂದು ಕಾಕಾ ಹೇಳಿದರೂ, ಗೆಳೆಯನಿಗೆ ಖಾನಾವಳಿಯ ರೊಟ್ಟಿ ತಿನ್ನಿಸುವ ಹಟ ನನಗಿತ್ತು. ಖಾನಾವಳಿಯಲ್ಲಿ ಬಿಸಿ ಜೋಳದ ರೊಟ್ಟಿ, ಎಣ್ಣೆಗಾಯಿ, ಪುಂಡಿ ಪಲ್ಯ, ಶೇಂಗಾ ಹಿಂಡಿ, ಮೊಸರು, ಹಸಿ ಉಳ್ಳಾಗಡ್ಡಿ, ಜೊತೆಗೆ ಗಟ್ಟಿ ತೊಗರಿ ಬೇಳೆ. ಕಲಬುರಗಿಯ ತೊಗರಿ ಬೇಳೆಗೆ 2019ರಲ್ಲಿ ಭೌಗೋಳಿಕ ಸೂಚಕ ದೊರೆತಿದೆ ಎಂದು ನಾನು ಹೇಳುತ್ತಿರುವಾಗಲೇ ಗೆಳೆಯ ಪುಂಡಿ ಪಲ್ಯದ ಹುಳಿಯನ್ನು ತಮ್ಮೂರಿನ ಅಂಬಟೆಯ ಹುಳಿಯೊಂದಿಗೆ ತೂಗಿ ನೋಡುತ್ತಿದ್ದ. ನಾಲ್ಕನೆಯ ರೊಟ್ಟಿಗೆ ಅವನು ಕೈ ಅಡ್ಡ ಹಿಡಿದಾಗ ಬಡಿಸುವ ತಾಯಿ, "ಏನ್ರಿ ಇದು, ಕೂಸು ಉಂಡಂಗ ಉಂಡ್ರಿ" ಎಂದು ಐದನೆಯದನ್ನು ಹಾಕಿಯೇ ಹೋದರು.

ಊಟದ ನಂತರದ ಹೊತ್ತನ್ನು ಕಾಕಾ, ಬಹಮನಿ ಸುಲ್ತಾನರ ಗೋರಿಗಳಿರುವ ಹಫ್ತ್ ಗುಮ್ಮಟ ಮತ್ತು ಖ್ವಾಜಾ ಬಂದೇ ನವಾಜರ ದರ್ಗಾಕ್ಕೆ ಮೀಸಲಿಟ್ಟಿದ್ದರು. ಎರಡೂ ಹತ್ತಿರ ಹತ್ತಿರ ಇರುವುದರಿಂದ ಆಟೊವನ್ನು ಒಂದೇ ಕಡೆ ನಿಲ್ಲಿಸಿ ನಡೆದೇ ಹೋಗಬಹುದು, ಗೋರಿಗಳ ದಪ್ಪ ಗೋಡೆಗಳ ಒಳಗೆ ಮಧ್ಯಾಹ್ನವೂ ತಂಪಾಗಿರುತ್ತದೆ ಎಂಬುದು ಅವರ ವಿವರಣೆ. ಅವರು ಹೇಳದ, ಆದರೆ ಅವರ ಜೋಡಣೆಯಿಂದಲೇ ನನಗೆ ಹೊಳೆದ ಸಂಗತಿ ಬೇರೆಯಿದೆ. ಹಫ್ತ್ ಗುಮ್ಮಟದ ಗೋರಿಗಳಲ್ಲಿ ಎಲ್ಲಕ್ಕಿಂತ ದೊಡ್ಡದು, ಎರಡು ಗುಮ್ಮಟಗಳದ್ದು, ಸುಲ್ತಾನ ಫಿರೋಜ್ ಶಹಾನದು. ಅವನು ತೀರಿಕೊಂಡದ್ದು 1422ರಲ್ಲಿ. ಬಂದೇ ನವಾಜರು ತೀರಿಕೊಂಡದ್ದೂ ಅದೇ 1422ರಲ್ಲಿ. ದೆಹಲಿಯಿಂದ ಬಂದ ಆ ಸೂಫಿಯನ್ನು ಮೊದಲು ಆದರದಿಂದ ಬರಮಾಡಿಕೊಂಡ ಸುಲ್ತಾನನಿಗೂ ಅವರಿಗೂ ಮುಂದೆ ಮನಸ್ತಾಪವಾಗಿತ್ತೆಂದು ಇತಿಹಾಸಕಾರರು ಬರೆದಿದ್ದಾರೆ. ಸುಲ್ತಾನನ ತಮ್ಮ ಅಹ್ಮದ್ ಶಹಾ ಪಟ್ಟಕ್ಕೆ ಬಂದ ಮೇಲೆ ರಾಜಧಾನಿ ಬೀದರಿಗೆ ಹೋಯಿತು. ಒಬ್ಬರ ಗೋರಿಯ ಜಾಲಂಧ್ರಗಳಲ್ಲಿ ಪಾರಿವಾಳಗಳು ಗೂಡು ಕಟ್ಟಿವೆ, ನಾವು ಹೋದ ಒಂದು ತಾಸಿನಲ್ಲಿ ಅಲ್ಲಿ ನಮ್ಮನ್ನು ಬಿಟ್ಟರೆ ಕ್ರಿಕೆಟ್ ಆಡುವ ನಾಲ್ಕು ಹುಡುಗರಿದ್ದರು. ಮತ್ತೊಬ್ಬರ ದರ್ಗಾದಲ್ಲಿ ಹೂವಿನ ಚಾದರ ಹಿಡಿದವರ ಸಾಲು, ಸಾಂಬ್ರಾಣಿಯ ಹೊಗೆ, ಹರಕೆ ಹೊತ್ತು ಬಂದ ಎಲ್ಲ ಜಾತಿಯ ಜನ. ಒಂದರಿಂದ ಇನ್ನೊಂದಕ್ಕೆ ಚಪ್ಪಲಿ ಕೈಯಲ್ಲಿ ಹಿಡಿದು ನಡೆದು ಹೋದಾಗ ಆದ ಈ ಅನುಭವ, ಬೇರೆ ಬೇರೆ ದಿನ ನೋಡಿದ್ದರೆ ಖಂಡಿತ ಆಗುತ್ತಿರಲಿಲ್ಲ.

ದಿನದ ಒಂದೇ ಕಹಿ ಸಂಗತಿ ಇದಾದ ಮೇಲೆ ನಡೆಯಿತು. ಊರಿಗೆ ಒಯ್ಯಲು ಸಿಹಿ ಬೇಕು, ಖೋವಾದ ಮಾಲ್ಪುರಿ ಸಿಗುವ ಜಾಗ ಯಾವುದು ಎಂದು ಗೆಳೆಯ ಕೇಳಿದಾಗ ಕಾಕಾ ನಮ್ಮನ್ನು ಅದಕ್ಕೆ ಕರೆದೊಯ್ಯುವ ಮೊದಲು, ದಾರಿಯಲ್ಲೇ ಇದೆ ಎಂದು ಬೀದರಿ ಕುಸುರಿಯ ವಸ್ತುಗಳನ್ನು ಮಾರುವ ಅಂಗಡಿಯೊಂದರ ಮುಂದೆ ನಿಲ್ಲಿಸಿದರು. ಸತು ಹೆಚ್ಚಾಗಿ, ತಾಮ್ರ ಸ್ವಲ್ಪವಾಗಿ ಬೆರೆಸಿ ಎರಕ ಹೊಯ್ದು, ಬೆಳ್ಳಿಯ ಎಳೆಯನ್ನು ಕೂರಿಸಿ, ಬೀದರ ಕೋಟೆಯ ಮಣ್ಣಿನ ದ್ರಾವಣದಲ್ಲಿ ಕಪ್ಪಾಗಿಸುವ ಈ ಕೆಲಸದಲ್ಲಿ ಬೆಳ್ಳಿ ಕೂರಿಸಿದ ಗೆರೆಯ ಮೇಲೆ ಬೆರಳು ಆಡಿಸಿದರೆ ಏರಿಳಿತ ತಾಗಬಾರದು. ಅಲ್ಲಿ ತೋರಿಸಿದ ಹೂದಾನಿಯ ಮೇಲೆ ಬೆಳ್ಳಿಯ ಬದಲು ಬಣ್ಣ ಬಳಿದಂತಿತ್ತು, ಉಗುರಿಗೆ ಸಿಪ್ಪೆಯಂತೆ ಎದ್ದುಬಂತು. ಕೊಳ್ಳಲಿಲ್ಲ. ಹೊರಗೆ ಬಂದ ಮೇಲೆ, ಗಿರಾಕಿ ತಂದರೆ ಅಂಗಡಿಯವರು ಕೊಡುವ ಕಮಿಷನ್ನಿಗಾಗಿ ನಿಲ್ಲಿಸಿದ್ದೇ ಎಂದು ನೇರವಾಗಿಯೇ ಕೇಳಿದೆ. ಕಾಕಾ ಕನ್ನಡಿಯಲ್ಲಿ ನೋಡುತ್ತ, "ಹೌದ್ರಿ, ಚಹಾದ ರೊಕ್ಕ ಕೊಡ್ತಾರ" ಎಂದು ಒಪ್ಪಿಕೊಂಡರು. ಒಪ್ಪಿಕೊಂಡದ್ದು ಮೆಚ್ಚುವಂಥದ್ದು, ನಿಲ್ಲಿಸಿದ್ದು ಅಲ್ಲ. ಬೀದರಿ ವಸ್ತು ಬೇಕಾದವರು ಬೀದರಿಗೇ ಹೋಗಿ, ಕುಸುರಿ ಕೆಲಸ ನಡೆಯುವ ಅಂಗಡಿಯಲ್ಲೇ ಕುಳಿತು ನೋಡಿ ಕೊಳ್ಳುವುದು ಒಳ್ಳೆಯದು.

ಬುದ್ಧ ವಿಹಾರಕ್ಕೆ ಬಂದಾಗ ಐದೂವರೆಯಾಗಿತ್ತು. ಚಪ್ಪಲಿ ಬಿಟ್ಟು ಹಾಸುಗಲ್ಲಿನ ಮೇಲೆ ಕಾಲಿಟ್ಟಾಗ ಕಾಕಾ ಹೇಳಿದ್ದು ನೆನಪಾಯಿತು. ಕಲ್ಲು ಬೆಚ್ಚಗಿತ್ತು, ಸುಡುತ್ತಿರಲಿಲ್ಲ. ಬಿಳಿಯ ದೊಡ್ಡ ಗುಮ್ಮಟದ ಪಶ್ಚಿಮದ ಮೈ ಮಾತ್ರ ಕೇಸರಿಯಾಗಿ, ಉಳಿದದ್ದು ನಸುನೀಲಿಗೆ ತಿರುಗುವವರೆಗೆ ಮೆಟ್ಟಿಲ ಮೇಲೆ ಕುಳಿತಿದ್ದೆವು. ಸನ್ನತಿಗೆ ಮರುದಿನ ಇದೇ ಆಟೊದಲ್ಲಿ ಹೋಗಬಹುದೇ ಎಂದು ಗೆಳೆಯ ಕೇಳಿದ್ದು ಅಲ್ಲಿಯೇ. ಚಿತ್ತಾಪುರ ತಾಲ್ಲೂಕಿನಲ್ಲಿ ಭೀಮಾ ನದಿಯ ದಡದಲ್ಲಿರುವ ಸನ್ನತಿಯ ಬಳಿಯ ಕನಗನಹಳ್ಳಿಯಲ್ಲಿ, "ರಾಯೋ ಅಸೋಕೋ" ಎಂಬ ಬರಹವಿರುವ ಅಶೋಕನ ಉಬ್ಬುಶಿಲ್ಪ ದೊರೆತದ್ದನ್ನು ನಾನು ಅವನಿಗೆ ಬಹಳ ಬಣ್ಣಿಸಿದ್ದೆ. ಬಾಡಿಗೆ ಸಿಗುತ್ತದೆಂದು ಕಾಕಾ ಒಪ್ಪಿಬಿಡುತ್ತಾರೆ ಎಂದುಕೊಂಡಿದ್ದೆ. ಅವರು, "ಆಟೊದಾಗ ಬ್ಯಾಡ್ರಿ, ನಡ ಮುರೀತದ. ಕಾರು ಮಾಡ್ಕೊಂಡು ಹೋಗ್ರಿ. ಅದೂ ನಾಳಿ ಬ್ಯಾಡ, ನಾಳಿ ಅಮಾಸಿ, ನಾ ಹೊಲಕ್ಕ ಹೋಗಾಂವ" ಎಂದರು. ಎಷ್ಟು ಕೊಟ್ಟರೆ ಬರುತ್ತೀರಿ ಎಂದು ಗೆಳೆಯ ಕೇಳಿದ ಪ್ರಶ್ನೆಗೆ ಉತ್ತರವನ್ನೇ ಕೊಡಲಿಲ್ಲ.

ಈ ಸೇವೆಯನ್ನು ರಜೆಯಲ್ಲಿ ಬಳಸಲು ಯೋಚಿಸುವವರು ಮುಖ್ಯವಾಗಿ ತಿಳಿದಿರಬೇಕಾದ ಮಿತಿ ಇದು. ಎಳ್ಳ ಅಮಾವಾಸ್ಯೆಯ ದಿನ ಕಲಬುರಗಿ, ಬೀದರ ಜಿಲ್ಲೆಗಳ ಊರುಗಳು ಹೊಲಗಳಿಗೆ ಹೊರಟುಬಿಡುತ್ತವೆ. ಹೊಲವಿಲ್ಲದವರು ಹೊಲವಿದ್ದವರ ಜೊತೆ ಹೋಗುತ್ತಾರೆ. ಅಂದು ಬೆಳಗ್ಗೆ ಹತ್ತಕ್ಕೆ ಸೂಪರ್ ಮಾರ್ಕೆಟಿನಲ್ಲಿ ಅರ್ಧಕ್ಕರ್ಧ ಅಂಗಡಿಗಳ ಬಾಗಿಲು ಮುಚ್ಚಿತ್ತು, ಆಟೊ ನಿಲ್ಲುವ ಸಾಲಿನಲ್ಲಿ ಎರಡೇ ಗಾಡಿಗಳು. ನಾವು ಆಳಂದದ ಕಡೆಯ ಸಹಪಾಠಿಯೊಬ್ಬನ ಹೊಲಕ್ಕೆ ಬಸ್ಸಿನಲ್ಲಿ ಹೋದೆವು. ಒಣಗಿದ ತೊಗರಿಯ ಸಾಲುಗಳ ಆಚೆ ಹಸಿರು ಜೋಳ, ಅದರ ನಡುವೆ ಹೊಲಕ್ಕೆ ನೈವೇದ್ಯವಾಗಿ ಚರಗ ಚೆಲ್ಲುತ್ತ ನಡೆದ ಹಿರಿಯರು, ಕಂಬಳಿ ಹಾಸಿ ಕುಳಿತ ನಮಗೆ ಎಳ್ಳು ಹಚ್ಚಿದ ಸಜ್ಜಿ ರೊಟ್ಟಿ, ಹತ್ತಾರು ಕಾಳು ತಪ್ಪಲು ಕೂಡಿಸಿದ ಭಜ್ಜಿ, ಅಂಬಲಿ. ಗೆಳೆಯ ಈಗ ಕಲಬುರಗಿಯೆಂದರೆ ಮೊದಲು ಹೇಳುವುದು ಆ ಭಜ್ಜಿಯ ಸುದ್ದಿಯನ್ನೇ, ಮಸೀದಿಯ ಕಮಾನನ್ನಲ್ಲ. ಆದರೆ ಅದಕ್ಕೆ ಯಾರಿಗೂ ಹಣ ಕೊಡದ ಕಾರಣ ಈ ವಿಮರ್ಶೆಯ ವ್ಯಾಪ್ತಿಗೆ ಅದು ಬರುವುದಿಲ್ಲ. ಮರಳುವಾಗ ಆಟೊ ಸಿಗದೆ, ಹದಿಮೂರು ಜನರಿದ್ದ ಟಂಟಂನಲ್ಲಿ ಗೆಳೆಯ ಯಾರದೋ ಭಜ್ಜಿಯ ಪಾತ್ರೆಯನ್ನು ತೊಡೆಯ ಮೇಲಿಟ್ಟುಕೊಂಡು ಬಂದ.

ಒಟ್ಟು ಕೊಟ್ಟದ್ದು 1,450 ರೂಪಾಯಿ. ಒಂದೊಂದು ಜಾಗಕ್ಕೂ ಬೇರೆ ಬೇರೆ ಆಟೊ ಹಿಡಿದಿದ್ದರೆ ಹೆಚ್ಚು ಕಡಿಮೆ ಇಷ್ಟೇ ಆಗುತ್ತಿತ್ತು, ಮುನ್ನೂರು ಉಳಿದರೂ ಉಳಿಯುತ್ತಿತ್ತೇನೋ. ಹಾಗಾಗಿ ಇದು ಅಗ್ಗದ ಸೇವೆಯಲ್ಲ. ಯಾವ ಜಾಗವನ್ನು ಯಾವ ಹೊತ್ತಿಗೆ ನೋಡಬೇಕೆಂದು ಬಲ್ಲವರು ಸಿಕ್ಕರೆ ಮಾತ್ರ ಈ ಬೆಲೆ ಸರಿ, ಸುಮ್ಮನೆ ಸ್ಟಿಯರಿಂಗ್ ಹಿಡಿದವರಿಗೆ ಇಷ್ಟು ಕೊಡುವುದರಲ್ಲಿ ಅರ್ಥವಿಲ್ಲ. ಅದನ್ನು ತಿಳಿಯಲು ಸುಲಭದ ಉಪಾಯವೊಂದಿದೆ: ನಿಮ್ಮ ಹಾಳೆಯನ್ನು ಅವರ ಕೈಗೆ ಕೊಡಿ. ಅದನ್ನು ನೋಡದೆ ದರ ಹೇಳುವವರನ್ನು ಬಿಡಿ. ಹೊರಡುವ ಮತ್ತು ಮರಳುವ ಹೊತ್ತು, ಕಾಯುವಿಕೆಗೆ ಹಣವಿಲ್ಲವೆಂಬ ಮಾತು, ದಾರಿಯಲ್ಲಿ ಸೇರಿಸುವ ಜಾಗಗಳ ದರ, ಅಂಗಡಿಗಳ ಮುಂದೆ ನಿಲ್ಲಿಸಬಾರದೆಂಬ ಕರಾರು, ಇಷ್ಟನ್ನು ಮೊದಲೇ ಮಾತಾಡಿಕೊಳ್ಳಿ. ಮೂರನೆಯ ದಿನ ಗೆಳೆಯನನ್ನು ರೈಲಿಗೆ ಬಿಡಲು ಕಾಕಾ ಅವರನ್ನೇ ಕರೆದೆ. ಹತ್ತು ನಿಮಿಷ ತಡವಾಗಿ ಬಂದರು, 180 ರೂಪಾಯಿ ತೆಗೆದುಕೊಂಡರು. ಸೀಟಿನ ಸ್ಪ್ರಿಂಗಿನ ಮೇಲೆ ಗೋಣಿಚೀಲ ಹಾಗೆಯೇ ಇತ್ತು.